‘ಸಹಾಯ’ ಎಂಬ ಒಂದು ಪದ

ಹನ್ನೊಂದನೇ ತಾರೀಖು, ಬುಧವಾರ

ನನ್ನ ಮಗಳ ಅಪ್ಪನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ತೀರಿಸಿಕೊಳ್ಳುತ್ತೇನೆ.

ನೀವು ಬರೆದು ಕಳಿಸಿದ ಅನುಭವ ಪತ್ರವನ್ನು ಪರವಾನಗಿ ಕಚೇರಿಯಲ್ಲಿ ತಿರಸ್ಕರಿಸಿದರು. ಮನೆ ಕಟ್ಟಿಸುವ ಮೇಲ್ವಿಚಾರಕಿಯೆಂದು ನನಗೆ ಪರವಾನಗಿ ಸಿಗಬೇಕಾದರೆ, ಈಗಾಗಲೇ ಅದು ಇರುವವರೊಬ್ಬರ ಕೈಕೆಳಗೆ ಐದು ವರ್ಷ ಮೇಲ್ವಿಚಾರಣೆ ಮಾಡಿರಬೇಕು, ಅವರೇ ಅದನ್ನು ಬರೆದುಕೊಡಬೇಕು. ನನ್ನ ಪಾಲಿಗೆ ಆ ‘ಅವರು’ ನೀವೊಬ್ಬರೇ. ನೀವು ಬರೆದದ್ದೇನು? ‘ನನ್ನ ಹೆಂಡತಿ ಒಂಬತ್ತು ವರ್ಷ ನನಗೆ ಸಹಾಯ ಮಾಡಿದ್ದಾರೆ.’ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ, “ಸಹಾಯ ಅಂದ್ರೆ ಏನಮ್ಮಾ? ಊಟದ ಡಬ್ಬಿ ತಂದುಕೊಡೋದೂ ಸಹಾಯಾನೇ” ಎಂದ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಹಾಯವಂತೆ! ಮೂಲೆಮನೆಯ ಗೋಡೆ ಒಂದು ಬೆರಳು ವಾಲಿದೆಯೆಂದು ತೂಗುಗುಂಡು ಹಿಡಿದು ಪತ್ತೆ ಮಾಡಿ, ಅಷ್ಟನ್ನೂ ಕೆಡವಿಸಿದವಳು ಯಾರು? ಮೇಸ್ತ್ರಿ ಮೂರು ದಿನ ಮುಖ ಊದಿಸಿಕೊಂಡಿದ್ದ. ನಾಲ್ಕನೇ ದಿನ “ಅಕ್ಕ ಹೇಳಿದ್ದೇ ಸರಿ” ಅಂದ. ಟೀಚರಮ್ಮನ ಮನೆಯ ತಾರಸಿಗೆ ಕಾಂಕ್ರೀಟು ಸುರಿಯುವ ಹೊತ್ತಿಗೆ, ಎರಡು ಕಂಬಿ ಕಡಿಮೆ ಕಟ್ಟಿದ್ದಾರೆಂದು ಎಲ್ಲರನ್ನೂ ನಿಲ್ಲಿಸಿದವಳು ಯಾರು? ಆಗ ನೀವು ಕೆಳಗೆ ನೆರಳಿನಲ್ಲಿ ನಿಂತು ಟೀಚರಮ್ಮನ ಜೊತೆ ಗೋಡೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಿರಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಏಣಿಯಿಂದ ಬಿದ್ದಮೇಲೆ ಮೂರನೇ ಮೆಟ್ಟಿಲಿಗೇ ನಿಮ್ಮ ಕಾಲು ನಡುಗುತ್ತಿತ್ತು. ಯಾರಿಗೂ ತಿಳಿಯಬಾರದು ಎಂದಿರಿ. ನಾನೂ ಬಾಯಿ ಬಿಡಲಿಲ್ಲ. ಅಂದಿನಿಂದ ಹತ್ತಿದವಳು ನಾನು, ಹೆಸರು ನಿಮ್ಮದು. ಅದರಲ್ಲಿ ನನಗೆ ಖುಷಿಯೂ ಇತ್ತು ಅನ್ನಿ. ನಾವು ಬೇರೆಯಾದದ್ದು ಅದಕ್ಕಲ್ಲ. ಆದರೆ ಬೇರೆಯಾದ ದಿನ ಪರವಾನಗಿ ನಿಮ್ಮ ಜೊತೆ ಹೊರಟುಹೋಯಿತು, ಒಂಬತ್ತು ವರ್ಷ ನಾನು ಏನೂ ಮಾಡಿಯೇ ಇಲ್ಲವೆಂಬಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

‘ಮೇಲ್ವಿಚಾರಣೆ’ ಎಂದು ಬರೆದರೆ, ಹಾಗಾದರೆ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿಯಾರು, ನಿಮ್ಮ ಪರವಾನಗಿಗೇ ಕುತ್ತು ಬಂದೀತು ಎಂಬ ಹೆದರಿಕೆ ನಿಮಗೆ. ಯಾರೂ ಕೇಳುವುದಿಲ್ಲ. ‘ನನ್ನ ಕೈಕೆಳಗೆ’ ಎಂದೇ ಬರೆಯಿರಿ, ಆ ಸುಳ್ಳನ್ನು ನಾನು ನುಂಗಿಕೊಳ್ಳುತ್ತೇನೆ. ಅದರ ಮುಂದಿನ ಪದವೊಂದು ನಿಜವಾಗಿರಲಿ. ಎದುರು ಬೀದಿಯ ದರ್ಜಿ ನನ್ನನ್ನೇ ನಂಬಿಕೊಂಡು ತಿಂಗಳಿಂದ ತನ್ನ ಮನೆಯ ಪಾಯ ತೆಗೆಸದೆ ಕಾಯುತ್ತಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಹೊಸ ಪತ್ರ ಕೊಡದಿದ್ದರೆ ನನ್ನ ಅರ್ಜಿ ರದ್ದು. ಆಮೇಲೆ ಇನ್ಯಾರದೋ ಕೈಕೆಳಗೆ ನಿಂತು, ಒಂದನೇ ವರ್ಷದಿಂದ ಎಣಿಸಬೇಕು. ನನ್ನಿಂದಾಗದು.

ಮಗಳು ಚೆನ್ನಾಗಿದ್ದಾಳೆ. “ಅಪ್ಪ ಬರೆದುಕೊಡ್ತಾರೆ ಬಿಡಮ್ಮ” ಎನ್ನುತ್ತಾಳೆ. ನನಗೆ ಅಷ್ಟು ನಂಬಿಕೆಯಿಲ್ಲ.

ಇಂತಿ,
ನಿಮಗೆ ‘ಸಹಾಯ’ ಮಾಡಿದವಳು

ಬರೆಯಲೋ ಬೇಡವೋ ಎಂದಿದ್ದೆ, ಬರೆಯದೆ ವಿಧಿಯಿಲ್ಲ: ಇನ್ನೊಂದು ಆಕ್ಷೇಪಣೆಯೂ ಇದೆ. ಅನುಭವ ಪತ್ರದಲ್ಲಿರುವ ನಿಮ್ಮ ಸಹಿ, ಕಚೇರಿಯ ಹಳೆಯ ಕಡತಗಳಲ್ಲಿರುವ ನಿಮ್ಮ ಸಹಿಗೆ ಹೊಂದುತ್ತಿಲ್ಲವಂತೆ. “ಇದು ನಕಲಿ” ಎಂದ ಗುಮಾಸ್ತ. ಅಸಲಿ ಅದೇ ಎಂದು ನನಗೊಬ್ಬಳಿಗೇ ಗೊತ್ತು. ಕಚೇರಿಗೆ ಕೊಡಬೇಕಾದ ಪ್ರತಿ ಮನೆಯ ತಪಾಸಣೆಯ ಹಾಳೆಯನ್ನೂ ತುಂಬಿ, ಕೈಗಂಟಿದ ಸಿಮೆಂಟು ಒರೆಸಿಕೊಂಡು, ನಿಮ್ಮ ಹೆಸರು ಗೀಚಿದವಳು ನಾನೇ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕಡತದಲ್ಲಿರುವ ಆ ಸಹಿಯನ್ನು ಕೆಳಗೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದೇನೆ. ಅದರ ಮೇಲೆ ನಾಲ್ಕು ಸಲ ತಿದ್ದಿ ಕಲಿತುಕೊಳ್ಳಿ. ಆಮೇಲೆ ಹೊಸ ಪತ್ರಕ್ಕೆ ನಿಮ್ಮ ಸಹಿ ಹಾಕಿ.