ಕೂರದ ಅಜ್ಜನ ಚಿತ್ರ

ತೆಲಿಗಿಯ ನನ್ನ ಅಜ್ಜನಿಗೆ,

ನೀನಿದ್ದಿದ್ದರೆ ಮೊದಲು "ಉಂಡ್ಯಾ ಯವ್ವ?" ಅಂತ ಕೇಳುತ್ತಿದ್ದೆ. ಉಂಡೆ ಅಜ್ಜಾ. ಇವತ್ತು ಭಾನುವಾರ, ಮನೆಗೆ ಬಂದಿದ್ದೇನೆ. ಬೀರುವಿನ ಮೇಲಿಂದ ನಿನ್ನ ಪೇಂಟಿಂಗ್ ಇಳಿಸಿ ಧೂಳು ಒರೆಸಿದೆ. ದಾವಣಗೆರೆಯಿಂದ ತೆಲಿಗಿ ಎಷ್ಟು ದೂರ? ಆದರೂ ಕಾಲೇಜು ಸೇರಿದಾಗಿನಿಂದ ಟೈಮೇ ಸಿಗಲಿಲ್ಲ. ಲ್ಯಾಬ್, ರೆಕಾರ್ಡ್, ಇಂಟರ್ನಲ್ಸ್. ನೀನು ಹೋದ ಮೇಲಂತೂ, ಟೈಮ್ ಇದ್ದಾಗಲೂ...

ಬೇಸಿಗೆ ರಜೆಯಲ್ಲಿ ಇದನ್ನು ಶುರು ಮಾಡಿದ್ದು ನೆನಪಿದೆಯಾ? ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಇಂಗ್ಲಿಷ್ ಪುಸ್ತಕದಲ್ಲಿ ನೋಡಿದ ಹಾಗೆ ಕುರಿಗಳನ್ನೆಲ್ಲ ಬೆಳ್ಳಗೆ, ಹತ್ತಿಯ ಉಂಡೆಗಳಂತೆ ಬರೆದಿದ್ದೆ. ನೀನು ಬಗ್ಗಿ ನೋಡಿದೆ. "ಇವು ಯಾವೂರ ಕುರಿಯವ್ವ? ಸೋಪು ಹಚ್ಚಿ ತೊಳದಾರೇನು?" ಎಷ್ಟು ನಕ್ಕೆವು ಅವತ್ತು! ಮರುದಿನವೇ ಎಲ್ಲಕ್ಕೂ ಕಪ್ಪು, ಕಂದು ಹಚ್ಚಿದೆ. ಕುರಿ ಮುಗಿದವು, ಹಟ್ಟಿ ಮುಗಿಯಿತು, ಬೇವಿನ ಮರವೂ ಮುಗಿಯಿತು. ಪೆನ್ಸಿಲ್ ಗೆರೆಯಲ್ಲೇ ಉಳಿದವನು ನೀನೊಬ್ಬನೇ.

ನೀನು ಕೂರುತ್ತಲೇ ಇರಲಿಲ್ಲವಲ್ಲ! ಮದುವೆಗೆ ಹೊರಟವನಂತೆ ರುಮಾಲು ಸುತ್ತಿ, ಕಂಬಳಿ ಹೆಗಲಿಗೇರಿಸಿ, ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕೂತೆ. ನಾನು ಪೆನ್ಸಿಲ್ ಎತ್ತುವಷ್ಟರಲ್ಲಿ ಒಂದು ಮರಿ ಅರಚಿತು. "ತಡಿ, ಬಂದೆ." ಬಂದು ಕೂತೆ, ಇನ್ನೊಂದು ಮರಿ ಬೇಲಿಗೆ ಬಾಯಿ ಹಾಕಿತು.

"ಅಜ್ಜಾ, ಪ್ಲೀಸ್, ಅಲುಗಾಡಬ್ಯಾಡ."

"ಅಲುಗಾಡದಂಗ ಕುಂದ್ರಾಕ ನಾನೇನು ಗೋಡಿ ಮ್ಯಾಲಿನ ಫೋಟೋನ?"

ಈಗ ಆ ಕಲ್ಲಿನ ಎದುರು ಕೂತಿದ್ದೇನೆ. ಎದ್ದು ಹೋಗುವವರು ಯಾರೂ ಇಲ್ಲ. ಎಷ್ಟು ಹೊತ್ತಾದರೂ ನೋಡಬಹುದು, ಆದರೆ ನೋಡಲು... ಅವ್ವ ನಿನ್ನ ಆಧಾರ್ ಕಾರ್ಡ್ ತಂದುಕೊಟ್ಟಳು. "ಇದನ್ನ ನೋಡ್ಕಂಡು ಬರಿ." ಮೂಗು ನಿನ್ನದೇ, ಕಣ್ಣೂ ನಿನ್ನದೇ, ಆದರೆ ಅದರಲ್ಲಿದ್ದವರು ಬೆದರಿದ ಬೇರೆ ಯಾರೋ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಾಗದ ಸವೆಯುತ್ತಾ ಬಂತು. ನಿನ್ನ ಮುಖ ಮರೆತೇಹೋಯಿತಾ ಅಂತ ಭಯವಾಯಿತು. ಇದನ್ನು ಯಾರಿಗೆ ಹೇಳಲಿ? ಹಾಸ್ಟೆಲಿನಲ್ಲಿ ನಿನ್ನನ್ನು ಕಂಡವರು ಒಬ್ಬರೂ ಇಲ್ಲ.

ಕೊನೆಗೆ ಕೂತ ಅಜ್ಜನನ್ನು ಪೂರ್ತಿ ಅಳಿಸಿಬಿಟ್ಟೆ. ದಿನಾ ನೋಡುತ್ತಿದ್ದ ನಿನ್ನನ್ನು ಬರೆದೆ: ಒಂದು ಕೈ ಮೊಣಕಾಲಿನ ಮೇಲೂರಿ, ಅರ್ಧ ಎದ್ದು, ಮುಖ ಕುರಿಗಳ ಕಡೆ ತಿರುಗಿಸಿದವನನ್ನು. ಕೈ ತಾನಾಗಿ ಓಡಿತು. ಕಿವಿ ಬಂತು, ಕೆನ್ನೆಯ ಮೂಳೆ ಬಂತು, ಹೆಗಲಿಂದ ಜಾರುವ ಕಂಬಳಿ ಬಂತು.

ಚಾ ತಂದ ಅವ್ವ ಲೋಟ ಹಿಡಿದುಕೊಂಡೇ ನಿಂತಳು. ನಿನ್ನ ಮುಖ ಅರ್ಧವೂ ಕಾಣುವುದಿಲ್ಲ, ಬಣ್ಣ ಇನ್ನೂ ಹಚ್ಚಬೇಕು. ಆದರೂ ಇವರು ಯಾರು ಅಂತ ಅವಳು ಕೇಳಲಿಲ್ಲ ಅಜ್ಜಾ.

"ಮಾವ ಎಲ್ಲಿಗೆ ಹೊಂಟಾರ?" ಅಂದಳು.

ನಾನು ಚಿತ್ರದಲ್ಲಿದ್ದ ಕುರಿಗಳ ಕಡೆ ಬೆರಳು ತೋರಿಸಿದೆ.

ನಿನ್ನ ಮೊಮ್ಮಗಳು