ಸೊಂಟದ ಮೂಳೆ

ಅಪ್ಪಾ, ಗೋಲು ಆಗೇ ಹೋಯಿತು. ಹೊಡೆದದ್ದು ನನ್ನ ಕಾಲಲ್ಲ, ಕುಂಡಿ. ಕಡೇ ನಿಮಿಷದಲ್ಲಿ ಗೋಲಿನೆದುರು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ. ನಮ್ಮವನೊಬ್ಬ ಒದ್ದ ಚೆಂಡು ನನಗೆ ಬಡಿದು ಒಳಗೆ ನುಗ್ಗಿತು. ನಾನೀಗ ಆಡುವ ಕೊಚ್ಕೊರ್ ಊರಿನ ತಂಡ ಕೆಳಗೆ ಬೀಳದೆ ಎರಡನೇ ದರ್ಜೆಯಲ್ಲೇ ಉಳಿಯಿತು. ನಲವತ್ತೊಂದನೇ ವಯಸ್ಸು, ಹನ್ನೊಂದನೇ ತಂಡ, ಇದೇ ನನ್ನ ಕಡೇ ಪಂದ್ಯ.

"ಕಾಲಲ್ಲಿ ದುಡಿಯೋದು ಕುದುರೆ ಕಣೋ, ಮನುಷ್ಯ ಅಲ್ಲ" ಅನ್ನುತ್ತಿದ್ದೆ ನೀನು. ಕುರಿ ಕೊಯ್ದಾಗ ಯಾರ ಯೋಗ್ಯತೆಗೆ ಯಾವ ಮೂಳೆ ಎಂದು ಹಂಚುವವನೂ ನೀನೇ. ನನ್ನ ಮೀಸೆ ನರೆತರೂ ತಟ್ಟೆಗೆ ಬಿದ್ದದ್ದು ಎಳೆಯರ ಚಿಕ್ಕ ಮೂಳೆ. "ಕೆಲಸ ಹಿಡಿ, ದೊಡ್ಡದು ಕೊಡ್ತೀನಿ" ಅಂದೆ. ಇಪ್ಪತ್ತೆರಡು ವರ್ಷ ನಾನು ಹಿಡಿದ ಕೆಲಸ ಇದೇ ಅಪ್ಪಾ. ಒಂದು ಪಂದ್ಯಕ್ಕೂ ಬಾರದೆ ನೀನು ಗುಡ್ಡದ ಮೇಲೆ ಮಣ್ಣಾದೆ.

ಹಿಂದಿನ ಹತ್ತು ಊರುಗಳ ಔತಣಗಳಿಂದಲೂ ನಿನ್ನ ಪಾಲೆಂದು ಅರ್ಧ ಮಾಂಸ ಕಟ್ಟಿಸಿಕೊಂಡು ಬಸ್ಸಿನಲ್ಲಿ ಮನೆಗೆ ತರುತ್ತಿದ್ದೆ. ಇವತ್ತು ಮೈದಾನದ ಹಿಂದೆಯೇ ಕುರಿ ಬೆಂದಿದೆ. ನನಗಿಂತ ಕಿರಿಯನಾದ ಕೋಚ್ ಎರ್ನಿಸ್ ಕೂಗುತ್ತಿದ್ದಾನೆ:

"ಜೋಲ್ದೋಶಣ್ಣಾ, ಗೋಲ್ ಹೊಡೆದ ಕುಂಡಿ ಎತ್ಕೊಂಡು ಬಾರಣ್ಣ! ಹಿರಿಯರ ಸೊಂಟದ ಮೂಳೆ ನಿನಗೇ ಇಟ್ಟಿದೀವಿ, ತಣ್ಣಗಾಗ್ತಿದೆ!"

ಹೊರಟೆ. ಇವತ್ತು ಏನನ್ನೂ ಕಟ್ಟಿಸಿಕೊಳ್ಳುವುದಿಲ್ಲ ಅಪ್ಪಾ. ಪೂರ್ತಿ ನಾನೇ ತಿನ್ನುತ್ತೇನೆ.