ಗಾಳಿ ತೆಗೆಯಲು ಇಬ್ಬರು ಬೇಕು

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಗನೂ ನಾನೂ ಮಾತು ಬಿಟ್ಟಿದ್ದೇವೆಂದು ಕೇಳಿ, ರಾಜಿ ಮಾಡಿಸಲು ಭಾನುವಾರ ಹೊರಟಿದ್ದೀರಂತೆ. ಬಸ್ಸು ಹತ್ತಬೇಡಿ. ನಿಮ್ಮ ಮನೆ ಹಿಂದಿನ ಹೊಳೆಯ ಕಡವಿಗೆ ದೋಣಿಯನ್ನೇ ತರುತ್ತೇವೆ.

ನಮ್ಮ ದೋಣಿಮನೆಯ ಇಂಜಿನ್ ಕೆಟ್ಟಾಗ ಮೆಕ್ಯಾನಿಕ್‌ನನ್ನು ಕರೆಸೋಣವೆಂದು ಅವರು, ನಾನೇ ಬಿಚ್ಚುತ್ತೇನೆಂದು ನಾನು; ಜಗಳ ಶುರುವಾಗಿದ್ದೇ ಅಲ್ಲಿ. ಬಿಚ್ಚಿ, ತೊಳೆದು, ಜೋಡಿಸಿದೆ. ಆದರೆ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯಲು ಮೇಲೆ ಕೀ ತಿರುಗಿಸುವವರೊಬ್ಬರು, ಕೆಳಗೆ ನಟ್ಟು ಸಡಿಲಿಸುವವರೊಬ್ಬರು ಬೇಕು. ವಿಧಿಯಿಲ್ಲದೆ ನಾನೇ ಬಾಯಿಬಿಟ್ಟೆ.

"ರೀ, ಕೀ ತಿರುಗ್ಸಿ!"

"ಸಾಕೇನೇ?"

"ಇನ್ನೂ ಸ್ವಲ್ಪ!"

ಇಂಜಿನ್ ಗಡಗಡ ಎಂದಿತು. ಅವರು ಒಂದೇ ಜಿಗಿತಕ್ಕೆ ಕೆಳಗಿಳಿದರು.

ಬರುವಾಗ ಗ್ರೀಸಿನ ಕಲೆ ಹೋಗುವ ಸೋಪು ತನ್ನಿ. ನೀವು ಹೊಲಿದುಕೊಟ್ಟ ಅವರ ಬಿಳಿ ಅಂಗಿಯ ಬೆನ್ನ ಮೇಲೆ ನನ್ನ ಎರಡೂ ಅಂಗೈ ಅಚ್ಚಾಗಿಬಿಟ್ಟಿವೆ.

ನಿಮ್ಮ ಹಠಮಾರಿ ಸೊಸೆ